ಪೀಠಿಕೆಗಳಲ್ಲಿ ಸಿಗುವ ಹಾಯೆಕ್

ಈ ಅಂಕಣದ ಓದುಗರಿಂದ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಆಡಂ ಸ್ಮಿತ್‌ಗಿಂತ ಮುಂಚೆ ದುಡ್ಡು, ಬೆಲೆ, ಕೂಲಿಯ ಬಗ್ಗೆ ಯಾರೂ ಗಟ್ಟಿಯಾಗಿ ಯೋಚಿಸಿರಲಿಲ್ಲವೇ? ಯೋಚಿಸಿದ್ದರೆ ಅವರನ್ನು ಓದಿಕೊಳ್ಳಲು ಕನ್ನಡದಲ್ಲಿ ಏನು ಸಿಗುತ್ತದೆ? ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಹೇಳಿಕೊಡುವ ಅಧ್ಯಾಪಕಿಯೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ಅನುವಾದಕ್ಕೆ ಕೈಹಾಕೋಣ ಅಂತಿದ್ದೇನೆ ಸಾರ್, ಎಲ್ಲಿಂದ ಶುರುಮಾಡಲಿ?' ಎಂದು ಕೇಳಿದರು. ಫ್ರೆಡ್ರಿಕ್ ಹಾಯೆಕ್ ಬೇರೆಯವರ ಪುಸ್ತಕಗಳಿಗೆ ಬರೆದ ಪೀಠಿಕೆಗಳಿಂದ ಶುರುಮಾಡಿ ಎಂದೆ. ಆ ಉತ್ತರ ಅವರಿಗೆ ರುಚಿಸಿದಂತೆ ಕಾಣಲಿಲ್ಲ. ಯಾಕೆ ಹಾಗೆ ಹೇಳಿದೆ ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಾಯೆಕ್ ಎಂದರೆ ನಮ್ಮಲ್ಲಿ ಒಂದು ಹಣೆಪಟ್ಟಿ. 1899ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, 1944ರಲ್ಲಿ 'ದಿ ರೋಡ್ ಟು ಸರ್ಫ್‌ಡಮ್' ಬರೆದವರು, ಯೋಜನಾಬದ್ಧ ಆರ್ಥಿಕತೆಯ ಕಡುವಿರೋಧಿ. 1974ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡದ್ದು ತಮಗೆ ನೇರ ಎದುರಾಗಿ ಯೋಚಿಸುತ್ತಿದ್ದ ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಜೊತೆ. ಮುಕ್ತ ಮಾರುಕಟ್ಟೆಯನ್ನು ಹೊಗಳುವವರು ಅವರ ಹೆಸರೆತ್ತಿ ಕೈಮುಗಿಯುತ್ತಾರೆ, ತೆಗಳುವವರು ಅದೇ ಹೆಸರೆತ್ತಿ ಮುಖ ಸಿಂಡರಿಸುತ್ತಾರೆ. ಎರಡೂ ಕಡೆಯವರು ಓದದೆ ಬಿಟ್ಟಿರುವ ಇನ್ನೊಬ್ಬ ಹಾಯೆಕ್ ಇದ್ದಾರೆ. ಅವರು ಹಳೆಯ ಪುಸ್ತಕಗಳ ಹುಚ್ಚು ಹತ್ತಿಸಿಕೊಂಡ ವಿದ್ವಾಂಸ. ಇಂಗ್ಲೆಂಡಿನಲ್ಲಿ ಚಿನ್ನದ ನಾಣ್ಯಪದ್ಧತಿ ಹೇಗೆ ಬೇರೂರಿತು, 18ನೇ ಶತಮಾನದ ಫ್ರಾನ್ಸಿನಲ್ಲಿ ಮೊದಲ ಕಾಗದದ ಹಣ ಹೇಗೆ ಓಡಾಡಿತು ಎಂದು ಹುಡುಕುತ್ತಾ ಕೂತವರು. ಮ್ಯಾಂಡೆವಿಲ್, ಹ್ಯೂಮ್, ಕ್ಯಾಂಟಿಲನ್, ಥಾರ್ನ್‌ಟನ್ ಮೊದಲಾದವರ ಮೇಲೆ ಅವರು ಆಗಾಗ ಬರೆದದ್ದನ್ನೆಲ್ಲ ಕೂಡಿಸಿ 1991ರಲ್ಲಿ, ಅಂದರೆ ಅವರು ತೀರಿಕೊಳ್ಳುವ ಹಿಂದಿನ ವರ್ಷ, ಸಮಗ್ರ ಕೃತಿಮಾಲೆಯ ಒಂದು ಸಂಪುಟವಾಗಿ ಹೊರತರಲಾಯಿತು. ಅದರ ಹೆಸರು 'ದಿ ಟ್ರೆಂಡ್ ಆಫ್ ಎಕನಾಮಿಕ್ ಥಿಂಕಿಂಗ್'. ಹಾಯೆಕ್ ಪುಸ್ತಕಗಳಲ್ಲಿ ಹೆಚ್ಚು ಮಂದಿ ಕೈಗೆತ್ತಿಕೊಳ್ಳದ ಪುಸ್ತಕ ಅದು.

ಆ ಸಂಪುಟದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ರಿಚರ್ಡ್ ಕ್ಯಾಂಟಿಲನ್ ಮೇಲಿನ ಬರಹ. ಕ್ಯಾಂಟಿಲನ್ ಐರ್ಲೆಂಡಿನ ಕೆರ್ರಿ ಸೀಮೆಯವನು, 1680ರ ದಶಕದಲ್ಲಿ ಹುಟ್ಟಿದವನು. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಬಟವಾಡೆ ಕಚೇರಿಯಲ್ಲಿ ದುಡಿದು, ಆಮೇಲೆ ಪ್ಯಾರಿಸ್ಸಿನಲ್ಲಿ ಬ್ಯಾಂಕರ್ ಆದ. ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಜಾನ್ ಲಾ ಎಂಬಾತ ಫ್ರೆಂಚ್ ಸರ್ಕಾರದ ಸಾಲ ತೀರಿಸಲು ಹೊಸ ದಾರಿ ತೋರಿಸಿದ್ದ. 1716ರಲ್ಲಿ ಬ್ಯಾಂಕು ತೆರೆದು ನೋಟು ಹೊರಡಿಸಿದ, ಮರುವರ್ಷ ಮಿಸಿಸಿಪ್ಪಿ ಕಂಪನಿ ಕಟ್ಟಿದ. ಸುಮಾರು 500 ಲಿವ್ರ್‌ಗಳಿದ್ದ ಷೇರು 1720ರ ಆರಂಭದ ಹೊತ್ತಿಗೆ ಹತ್ತು ಸಾವಿರದ ಆಸುಪಾಸಿಗೆ ಏರಿತ್ತು. ವರ್ಷ ಮುಗಿಯುವುದರೊಳಗೆ ಎಲ್ಲ ಕುಸಿದು ಲಾ ದೇಶ ಬಿಟ್ಟು ಓಡಿದ. ಈ ಗುಳ್ಳೆ ಒಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ ಕೆಲವೇ ಮಂದಿಯಲ್ಲಿ ಕ್ಯಾಂಟಿಲನ್ ಒಬ್ಬ. ಷೇರುಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದ, ಅಡವಿಟ್ಟ ಷೇರುಗಳನ್ನು ಬೆಲೆಯಿರುವಾಗಲೇ ಸದ್ದಿಲ್ಲದೆ ಮಾರಿಬಿಡುತ್ತಿದ್ದ, ಬಂದ ಹಣವನ್ನು ಹೊರದೇಶಕ್ಕೆ ಸಾಗಿಸುತ್ತಿದ್ದ. ಕುಸಿತದ ನಂತರ ಅಸಲು ಬಡ್ಡಿ ಎರಡನ್ನೂ ಕೇಳಿದ. ಸಾಲಗಾರರು ಸುಮ್ಮನಿರುತ್ತಾರೆಯೇ? ಬದುಕಿನ ಉಳಿದ ವರ್ಷಗಳು ಕೋರ್ಟು ಕಚೇರಿಗಳಲ್ಲೇ ಹೋದವು.

1734ರ ಮೇ ತಿಂಗಳಲ್ಲಿ ಲಂಡನ್ನಿನ ಆಲ್ಬಮಾರ್ಲ್ ಬೀದಿಯ ಅವನ ಮನೆ ಹೊತ್ತಿ ಉರಿಯಿತು. ಒಳಗೊಂದು ಸುಟ್ಟ ದೇಹ ಸಿಕ್ಕಿತು. ಕೆಲಸದಿಂದ ತೆಗೆದುಹಾಕಿದ್ದ ಅಡುಗೆಯವನ ಮೇಲೆ ಅನುಮಾನ ಬಂತು, ಆದರೆ ಅವನು ತಪ್ಪಿಸಿಕೊಂಡ. ಮನೆಯ ಆಳುಗಳ ವಿಚಾರಣೆ ನಡೆದು ಬಿಡುಗಡೆಯೂ ಆಯಿತು. ಅದೇ ವರ್ಷದ ಕೊನೆಗೆ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಕ್ಯಾಂಟಿಲನ್‌ನ ಕಾಗದಪತ್ರ ಹೊತ್ತ ಅಪರಿಚಿತನೊಬ್ಬ ಕಾಣಿಸಿಕೊಂಡ. ಆಸಾಮಿ ತಾನೇ ಸತ್ತಂತೆ ನಾಟಕವಾಡಿ ಪರಾರಿಯಾದನೇ ಎಂಬ ಗುಮಾನಿಯನ್ನು ಅವನ ಜೀವನಚರಿತ್ರೆ ಬರೆದ ಆಂಟಾಯ್ನ್ ಮರ್ಫಿ 1986ರಲ್ಲಿ ಮತ್ತೆ ಎತ್ತಿದರು. ಪತ್ತೇದಾರಿ ಕಾದಂಬರಿಗೆ ಇಷ್ಟು ಸಾಕು. ನನಗೆ ಇದಕ್ಕಿಂತ ರೋಚಕವಾಗಿ ಕಂಡದ್ದು ಅವನು ಬಿಟ್ಟುಹೋದ ಪುಸ್ತಕದ ಕತೆ.

ವ್ಯಾಪಾರದ ಸ್ವರೂಪವನ್ನು ಕುರಿತ ಆ ಪ್ರಬಂಧ ಬರೆದದ್ದು 1730ರ ಸುಮಾರಿಗೆ, ಅಚ್ಚಾದದ್ದು 1755ರಲ್ಲಿ. ಫ್ರೆಂಚಿನಲ್ಲಿದ್ದ ಪುಸ್ತಕದ ಮುಖಪುಟದ ಮೇಲೆ ಇಂಗ್ಲಿಷಿನಿಂದ ಅನುವಾದಿಸಿದ್ದು ಎಂದಿತ್ತು, ಆದರೆ ಆ ಇಂಗ್ಲಿಷ್ ಮೂಲ ಇಂದಿಗೂ ಪುಸ್ತಕರೂಪದಲ್ಲಿ ಸಿಕ್ಕಿಲ್ಲ. ಪ್ರಕಾಶಕ ಲಂಡನ್ನಿನ ಫ್ಲೆಚರ್ ಗೈಲ್ಸ್ ಎಂದಿತ್ತು, ಅವನು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ನಿಜವಾಗಿ ಅಚ್ಚಾದದ್ದು ಪ್ಯಾರಿಸ್ಸಿನಲ್ಲಿ. ಸೆನ್ಸಾರ್ ಕಣ್ಣು ತಪ್ಪಿಸಲು ಆ ಕಾಲದ ಫ್ರಾನ್ಸಿನಲ್ಲಿ ಇಂಥ ಸುಳ್ಳು ವಿಳಾಸ ಹಾಕುವುದು ವಾಡಿಕೆಯೇ ಆಗಿತ್ತು. ಲೇಖಕ ಮತ್ತೆ ಮತ್ತೆ ಉಲ್ಲೇಖಿಸುವ ಲೆಕ್ಕಪತ್ರಗಳ ಅನುಬಂಧ ಕಳೆದೇಹೋಗಿದೆ. ಅಚ್ಚಾಗುವ ಮುಂಚೆಯೇ ಹಸ್ತಪ್ರತಿ ಮಿರಾಬೋ ಎಂಬ ಶ್ರೀಮಂತನ ಹತ್ತಿರ ವರ್ಷಗಟ್ಟಲೆ ಬಿದ್ದಿತ್ತು. ಇಂಗ್ಲೆಂಡಿನ ಮಲಕೈ ಪೋಸಲ್‌ಥ್ವೇಟ್ ತನ್ನ ವಾಣಿಜ್ಯ ನಿಘಂಟಿನಲ್ಲಿ ಪುಟಗಟ್ಟಲೆ ಎತ್ತಿ ಹಾಕಿಕೊಂಡ, ಮೂಲ ಲೇಖಕನ ಹೆಸರು ಹೇಳಲಿಲ್ಲ. 1759ರಲ್ಲಿ ಬಂಧುವೊಬ್ಬ ಇಂಗ್ಲಿಷಿನಲ್ಲಿ ಹೊರತಂದ ಆವೃತ್ತಿಯಲ್ಲಿ ಮೂಲವನ್ನು ಗುರುತು ಸಿಗದಷ್ಟು ಕತ್ತರಿಸಿ ಹೊಲಿಯಲಾಗಿತ್ತು. ಆಡಂ ಸ್ಮಿತ್ ಕೂಲಿಯ ಅಧ್ಯಾಯದಲ್ಲಿ ಕ್ಯಾಂಟಿಲನ್ ಹೆಸರು ಹೇಳಿ ಮುಂದೆ ಹೋಗುತ್ತಾರೆ. ಅಲ್ಲಿಂದಾಚೆಗೆ 19ನೇ ಶತಮಾನದ ಬಹುಭಾಗ ಈ ಪುಸ್ತಕ ಅಡಿಟಿಪ್ಪಣಿಗಳಲ್ಲಿ ಮಾತ್ರ ಬದುಕಿತ್ತು.

ಅದನ್ನು ಅಡಿಟಿಪ್ಪಣಿಯಿಂದ ಮೇಲೆತ್ತಿದವರು ಇಂಗ್ಲೆಂಡಿನ ಸ್ಟ್ಯಾನ್ಲಿ ಜೆವನ್ಸ್. ಅವರು ಸೀಮಾಂತ ಉಪಯುಕ್ತತೆಯ ಸಿದ್ಧಾಂತದಿಂದ ಆಗಲೇ ಹೆಸರಾಗಿದ್ದವರು, ಹಳೆಯ ಪುಸ್ತಕಗಳನ್ನು ಗುಡ್ಡೆಹಾಕುವ ಚಟದವರು. 1881ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಅರ್ಥಶಾಸ್ತ್ರದ ತೊಟ್ಟಿಲು ಯಾವುದು ಎಂದು ಕೇಳಿದರೆ ತಾನು ಈ ಪುಸ್ತಕವನ್ನೇ ತೋರಿಸುತ್ತೇನೆ ಎಂಬರ್ಥದ ಮಾತು ಹೇಳಿದರು. ಮರುವರ್ಷವೇ ಸಮುದ್ರದಲ್ಲಿ ಈಜುವಾಗ ಮುಳುಗಿ ತೀರಿಕೊಂಡರು. ಆ ಲೇಖನ ಹಚ್ಚಿದ ಕುತೂಹಲ ಮಾತ್ರ ಆರಲಿಲ್ಲ. 1931ರಲ್ಲಿ ಪುಸ್ತಕ ಎರಡು ಭಾಷೆಗಳಲ್ಲಿ ಒಟ್ಟಿಗೆ ಮರುಹುಟ್ಟು ಪಡೆಯಿತು. ಹೆನ್ರಿ ಹಿಗ್ಸ್ ಫ್ರೆಂಚ್ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಅಕ್ಕಪಕ್ಕ ಇಟ್ಟು ಲಂಡನ್ನಿನಲ್ಲಿ ಹೊರತಂದರು. ಜರ್ಮನಿಯ ಯೆನಾದಿಂದ ಜರ್ಮನ್ ಅನುವಾದ ಬಂತು. ಅದರ ಅನುವಾದಕಿ ಹೆಲ್ಲಾ ಹಾಯೆಕ್, ಪೀಠಿಕೆ ಟಿಪ್ಪಣಿಗಳು ಅವರ ಗಂಡ ಫ್ರೆಡ್ರಿಕ್ ಅವರವು. ಜಗತ್ತು ನೆನಪಿಟ್ಟುಕೊಂಡದ್ದು ಪೀಠಿಕೆ ಬರೆದವರನ್ನು. ಸಾಲುಸಾಲಾಗಿ ಕೂತು ಅನುವಾದಿಸಿದ ಹೆಲ್ಲಾ ಹೆಸರು ಗ್ರಂಥಸೂಚಿಗಳಲ್ಲಿ ಮಾತ್ರ ಉಳಿದಿದೆ. ಪೀಠಿಕೆಗೂ ಹೆಚ್ಚೇನೂ ಒಳ್ಳೆಯ ಗತಿಯಾಗಲಿಲ್ಲ. ಅದು ಇಂಗ್ಲಿಷಿನಲ್ಲಿ ಸಿಕ್ಕಿದ್ದು 1985ರಲ್ಲಿ, ಲೇಖಕರಿಗೆ ನೊಬೆಲ್ ಬಂದು ಹನ್ನೊಂದು ವರ್ಷ ಕಳೆದ ಮೇಲೆ.

ಕಳೆದುಹೋದ ಅರ್ಥಶಾಸ್ತ್ರದ ಪುಸ್ತಕ ಮತ್ತೆ ಸಿಗುವ ಕತೆ ನಮಗೆ ಹೊಸದಲ್ಲ. ಬೇರೆಯವರ ಉಲ್ಲೇಖಗಳಲ್ಲಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕವಾಗಿ ಕೊಟ್ಟರು. ಮೂಲ ಸಿಕ್ಕಿದ ಮಾತ್ರಕ್ಕೆ ಜಗತ್ತು ಓದಲಿಲ್ಲ, ಅನುವಾದ ಬಂದ ಮೇಲೆ ಓದಿತು, ಓದಿ ಜಗಳವಾಡಿತು. ಕ್ಯಾಂಟಿಲನ್ ವಿಷಯದಲ್ಲೂ ನಡೆದದ್ದು ಇದೇ.

ಸರಿ, ಅಷ್ಟು ಒದ್ದಾಡಿ ಉಳಿಸಿಕೊಂಡ ಪುಸ್ತಕದಲ್ಲಿ ಇರುವುದಾದರೂ ಏನು? ಮೂರು ಭಾಗಗಳ ಪುಸ್ತಕದಲ್ಲಿ ಭೂಮಿ, ಕೂಲಿ, ಪಟ್ಟಣಗಳ ಹುಟ್ಟು, ವಿದೇಶಿ ವಿನಿಮಯ ಎಲ್ಲವೂ ಇವೆ. ನನ್ನ ಮಟ್ಟಿಗೆ ಅದರ ತಿರುಳು ಎರಡನೇ ಭಾಗದಲ್ಲಿ, ಹೊಸ ಹಣ ಒಂದು ದೇಶಕ್ಕೆ ಬಂದಾಗ ಏನಾಗುತ್ತದೆ ಎಂಬ ವಿವರಣೆಯಲ್ಲಿ ಇದೆ. ಹಣ ಹೆಚ್ಚಾದರೆ ಬೆಲೆ ಏರುತ್ತದೆ ಎಂದು ಜಾನ್ ಲಾಕ್ ಮೊದಲಾದವರು ಹೇಳಿಯಾಗಿತ್ತು. ಕ್ಯಾಂಟಿಲನ್ ತಕರಾರು ತೆಗೆದದ್ದು ಇಲ್ಲಿ: ಏರುವುದು ನಿಜ, ಆದರೆ ಹೇಗೆ, ಯಾವ ದಾರಿಯಲ್ಲಿ, ಯಾರ ಕೈಯಿಂದ ಯಾರ ಕೈಗೆ? ಒಂದು ದೇಶದಲ್ಲಿ ಚಿನ್ನದ ಗಣಿ ಸಿಕ್ಕಿತು ಎಂದುಕೊಳ್ಳಿ ಎನ್ನುತ್ತಾನೆ. ಮೊದಲು ದುಡ್ಡು ಬರುವುದು ಗಣಿಯ ಒಡೆಯರಿಗೆ, ಅದಿರು ಕರಗಿಸುವವರಿಗೆ, ಶುದ್ಧಮಾಡುವವರಿಗೆ. ಅವರು ಹೆಚ್ಚು ಮಾಂಸ, ಹೆಚ್ಚು ವೈನ್, ಹೆಚ್ಚು ಉಣ್ಣೆ ಬಟ್ಟೆ ಕೊಳ್ಳುತ್ತಾರೆ. ಆ ಸರಕುಗಳ ಬೆಲೆ ಮೊದಲು ಏರುತ್ತದೆ, ಅವನ್ನು ಬೆಳೆಯುವ ರೈತನ ಕೈಗೆ ಹಣ ಬರುತ್ತದೆ. ಗುತ್ತಿಗೆಯ ಅವಧಿ ಮುಗಿಯದ ಜಮೀನ್ದಾರ ಹಳೆಯ ಗೇಣಿಯನ್ನೇ ಪಡೆಯುತ್ತಾ ನಷ್ಟ ಅನುಭವಿಸುತ್ತಾನೆ. ಗೊತ್ತಾದ ಸಂಬಳದ ನೌಕರ, ಆಳುಮಗ ಸಂಸಾರ ನಡೆಸಲಾರದೆ ಊರು ಬಿಡುತ್ತಾನೆ. ಕೊನೆಗೆ ಒಳನಾಡಿನ ಸರಕು ತುಟ್ಟಿಯಾಗಿ ಹೊರದೇಶದ ಸರಕು ಅಗ್ಗವಾಗಿ ಕಾಣುತ್ತದೆ, ಚಿನ್ನ ಹೊರಗೆ ಹರಿಯುತ್ತದೆ, ಸ್ಥಳೀಯ ಕಸುಬುಗಳು ಮುಚ್ಚುತ್ತವೆ. ಅಮೆರಿಕದ ಬೆಳ್ಳಿಯಿಂದ ಸ್ಪೇನಿಗೆ ಆದದ್ದು ಇದೇ ಎನ್ನುವುದು ಅವನ ವಾದ.

ಇದು ನಮಗೆ ತಿಳಿಯದ ವಿಚಾರವಲ್ಲ. ದೇವನಹಳ್ಳಿಯ ಸುತ್ತ ಜಮೀನಿಗೆ ಬೆಲೆ ಬಂದ ಹಳ್ಳಿಗಳನ್ನು ನೆನಪಿಸಿಕೊಳ್ಳಿ. ಜಮೀನು ಮಾರಿದವರ ಮನೆಗೆ ಮೊದಲು ದುಡ್ಡು ಬಂತು. ಆಮೇಲೆ ಗಾರೆಯವರಿಗೆ, ಒಡವೆ ಅಂಗಡಿಯವರಿಗೆ, ಕಾರು ಮಾರುವವರಿಗೆ. ಮನೆ ಬಾಡಿಗೆ, ಹಾಲು, ತರಕಾರಿ ಎಲ್ಲರಿಗೂ ಒಂದೇ ಸಮ ತುಟ್ಟಿಯಾದವು. ಗುಂಟೆ ಜಮೀನೂ ಇಲ್ಲದ ಕೂಲಿಯವರಿಗೆ ಮಾತ್ರ ಆ ಹಣ ಸುತ್ತಿ ಬಳಸಿ ಬರುವ ಹೊತ್ತಿಗೆ ಬೆಲೆ ಮುಂದೆ ಓಡಿತ್ತು. ಹಣ ಎಷ್ಟು ಬಂತು ಎನ್ನುವಷ್ಟೇ ಮುಖ್ಯ ಅದು ಯಾರ ಬಾಗಿಲಿಗೆ ಮೊದಲು ಬಂತು ಎನ್ನುವುದು. ಇಂದು ಅರ್ಥಶಾಸ್ತ್ರಜ್ಞರು ಇದನ್ನು ಕ್ಯಾಂಟಿಲನ್ ಪರಿಣಾಮ ಎಂದೇ ಕರೆಯುತ್ತಾರೆ. ಕೇಂದ್ರ ಬ್ಯಾಂಕುಗಳು ಹಣ ಹರಿಸಿದಾಗ ಷೇರುಪೇಟೆ ಮೊದಲು ಏರಿ ಕೂಲಿ ಕೊನೆಗೆ ಏರುವುದೇಕೆ ಎಂಬ ಚರ್ಚೆಯಲ್ಲಿ ಈ ಹೆಸರು ಈಗಲೂ ಕೇಳಿಬರುತ್ತದೆ.

ಹಾಯೆಕ್ ಈ ಹಳೆಯ ಬ್ಯಾಂಕರನ ಹಿಂದೆ ಬಿದ್ದದ್ದು ಪುರಾತತ್ವದ ಪ್ರೀತಿಯಿಂದಷ್ಟೇ ಅಲ್ಲ. ಅದೇ 1931ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳು 'ಪ್ರೈಸಸ್ ಅಂಡ್ ಪ್ರೊಡಕ್ಷನ್' ಎಂಬ ಪುಸ್ತಕವಾದವು. ಸಾಲದ ಹಣ ಉತ್ಪಾದನೆಯ ರಚನೆಯನ್ನೇ ಹೇಗೆ ಡೊಂಕು ಮಾಡುತ್ತದೆ ಎನ್ನುವ ಅವರ ಸ್ವಂತ ಸಿದ್ಧಾಂತ ಅದರಲ್ಲಿದೆ. ಮೊದಲ ಉಪನ್ಯಾಸ ಪೂರ್ತಿ ಹಿರಿಯರ ಸ್ಮರಣೆ: ಕ್ಯಾಂಟಿಲನ್, ಹ್ಯೂಮ್, ಥಾರ್ನ್‌ಟನ್. ಅಲ್ಲಿ ಚುಟುಕಾಗಿ ಹೇಳಿದ ಋಣವನ್ನು ಪೀಠಿಕೆಗಳಲ್ಲಿ ವಿಸ್ತಾರವಾಗಿ ಒಪ್ಪಿಕೊಂಡಿದ್ದಾರೆ. 1939ರಲ್ಲಿ ಹೆನ್ರಿ ಥಾರ್ನ್‌ಟನ್ನನ 1802ರ ಪುಸ್ತಕವನ್ನು ಮರುಮುದ್ರಿಸಿ ಉದ್ದನೆಯ ಪೀಠಿಕೆ ಬರೆದರು. ಥಾರ್ನ್‌ಟನ್ ಲಂಡನ್ನಿನ ಬ್ಯಾಂಕರ್, ಪಾರ್ಲಿಮೆಂಟ್ ಸದಸ್ಯ, ಗುಲಾಮಗಿರಿಯ ವಿರುದ್ಧ ಹೋರಾಡಿದ ಗುಂಪಿನವನು, ಮದುವೆಗೆ ಮುಂಚೆ ಆದಾಯದ ಏಳರಲ್ಲಿ ಆರು ಪಾಲನ್ನು ದಾನಕ್ಕೆ ಕೊಡುತ್ತಿದ್ದವನು. 1797ರಲ್ಲಿ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ನಿಲ್ಲಿಸಿದಾಗ ಎದ್ದ ಗದ್ದಲದಲ್ಲಿ ತಣ್ಣಗೆ ಕೂತು ಕಾಗದದ ಹಣದ ನಡೆಯನ್ನು ವಿವರಿಸಿದ. ತನ್ನ ವಾದ ಗೆಲ್ಲಿಸುವ ಆತುರ ಹಾಯೆಕ್‌ಗೆ ಈ ಪುಟಗಳಲ್ಲಿ ಕಡಿಮೆ. ಓದಿದ್ದನ್ನು ಹಂಚಿಕೊಳ್ಳುವ ಖುಷಿ ಹೆಚ್ಚು. ಅದಕ್ಕಾಗಿಯೇ ಅನುವಾದ ಇಲ್ಲಿಂದ ಶುರುವಾಗಲಿ ಎನ್ನುವುದು.

ಕ್ಯಾಂಟಿಲನ್ ಪೀಠಿಕೆಯ ಕೆಲ ಭಾಗಗಳನ್ನು ನನ್ನ ತಿಳಿವಳಿಕೆಗೆಂದೇ ಕನ್ನಡಕ್ಕೆ ತಂದುಕೊಂಡಿದ್ದೇನೆ. ಜರ್ಮನ್ ಬಲ್ಲ ಗೆಳೆಯರೊಬ್ಬರು ಪಕ್ಕದಲ್ಲಿದ್ದರು. ಪಾರಿಭಾಷಿಕ ಪದಗಳೇ ಕಷ್ಟ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹೆಚ್ಚು ಕಾಡಿದ್ದು ಮಾತಿನ ಪದರಗಳು. ಕ್ಯಾಂಟಿಲನ್ ಫ್ರೆಂಚಿನಲ್ಲಿ ಒಂದು ಮಾತು ಹೇಳಿರುತ್ತಾನೆ, ಹಾಯೆಕ್ ಅದನ್ನು ಜರ್ಮನ್ ವಾಕ್ಯದೊಳಗೆ ಹೆಣೆದಿರುತ್ತಾರೆ, ಅದರ ಇಂಗ್ಲಿಷ್ ರೂಪ ನಮ್ಮ ಕೈಗೆ ಬರುತ್ತದೆ. ಮೂರು ಕೈ ದಾಟಿ ಬಂದದ್ದನ್ನು ಕನ್ನಡಕ್ಕೆ ತರುವಾಗ ಕ್ಯಾಂಟಿಲನ್ ಮಾತಿಗೆ ಕ್ಯಾಂಟಿಲನ್ ಪುಸ್ತಕವನ್ನೇ ನೋಡಬೇಕು, ಹಾಯೆಕ್ ಮಾತಿಗೆ ಹಾಯೆಕ್‌ರನ್ನು. ಎರಡನ್ನೂ ಒಂದೇ ಇಂಗ್ಲಿಷ್ ಪುಟದಿಂದ ಎತ್ತಿದರೆ 18ನೇ ಶತಮಾನದ ಬ್ಯಾಂಕರ್ 20ನೇ ಶತಮಾನದ ಪ್ರೊಫೆಸರ್ ಥರ ಮಾತಾಡತೊಡಗುತ್ತಾನೆ. ಹಳೆಯ ಮೊತ್ತಗಳನ್ನು ರೂಪಾಯಿಗೆ ಬದಲಿಸುವುದೂ ಬೇಡ. ಲಿವ್ರ್ ಲಿವ್ರ್ ಆಗಿಯೇ ಇರಲಿ. 500 ಇದ್ದದ್ದು 10,000 ಆಯಿತು ಎಂದರೆ ಇಪ್ಪತ್ತು ಪಟ್ಟು ಎಂದು ಓದುಗನಿಗೆ ತಿಳಿಯುತ್ತದೆ, ಅಷ್ಟು ಸಾಕು. ಅಡಿಟಿಪ್ಪಣಿಗಳ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಕನ್ನಡದ ಓದುಗರಿಗೆ ಭಾರವಾಗುತ್ತದೆಂದು ಪ್ರಕಾಶಕರು ಮೊದಲು ಕತ್ತರಿಸುವುದು ಅವನ್ನೇ. ಹಾಯೆಕ್ ಪೀಠಿಕೆಗಳಲ್ಲಿ ಪತ್ತೇದಾರಿ ಕೆಲಸದ ಅರ್ಧಪಾಲು ಅಡಿಟಿಪ್ಪಣಿಯಲ್ಲೇ ನಡೆದಿರುತ್ತದೆ. ಅವು ಹೋದರೆ ತೀರ್ಮಾನ ಉಳಿಯುತ್ತದೆ, ಸಾಕ್ಷಿ ಕಾಣೆಯಾಗುತ್ತದೆ.

ಹಕ್ಕಿನ ಮಾತನ್ನೂ ಕೇಳುವವರಿದ್ದಾರೆ. ಭಾರತದ ಕಾನೂನಿನಂತೆ ಲೇಖಕ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹಾಯೆಕ್ ತೀರಿಕೊಂಡದ್ದು 1992ರಲ್ಲಿ. ಅವರ ಪೀಠಿಕೆಗಳನ್ನು ಪ್ರಕಟಿಸಬೇಕಾದರೆ 2052ರ ಕೊನೆಯವರೆಗೂ ಅನುಮತಿ ಬೇಕು. ಕ್ಯಾಂಟಿಲನ್ ಎಲ್ಲರ ಸೊತ್ತು. 1940ರಲ್ಲಿ ತೀರಿಕೊಂಡ ಹಿಗ್ಸ್ ಅವರ ಇಂಗ್ಲಿಷ್ ಅನುವಾದವೂ ನಮ್ಮ ಮಟ್ಟಿಗೆ ಮುಕ್ತ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆ. ಹಾಯೆಕ್ ಹಳೆಯ ಅರ್ಥಶಾಸ್ತ್ರಜ್ಞರ ನಡುವೆ ಹುಡುಕುವುದು ತಮ್ಮ ವಂಶವೃಕ್ಷವನ್ನು. ಯಾರೂ ಯೋಜಿಸದೆಯೇ ಸಮಾಜದಲ್ಲಿ ವ್ಯವಸ್ಥೆ ಮೂಡುತ್ತದೆ ಎಂಬ ತಮ್ಮ ನಂಬಿಕೆಯ ಮೂಲವನ್ನು ಜೇನುಹುಳುಗಳ ಕತೆ ಬರೆದ ಡಚ್ ಮೂಲದ ವೈದ್ಯ ಮ್ಯಾಂಡೆವಿಲ್‌ನಲ್ಲಿ ಕಂಡರು, 1966ರಲ್ಲಿ ಬ್ರಿಟಿಷ್ ಅಕಾಡೆಮಿಯಲ್ಲಿ ಅವನ ಮೇಲೆ ಉಪನ್ಯಾಸವನ್ನೇ ಕೊಟ್ಟರು. ಹಣದ ಹರಿವಿನ ಸಿದ್ಧಾಂತದ ಮೂಲವನ್ನು ಕ್ಯಾಂಟಿಲನ್‌ನಲ್ಲಿ ಕಂಡರು. ಆದರೆ ಅದೇ ಕ್ಯಾಂಟಿಲನ್‌ನ ಪುಸ್ತಕ ಶುರುವಾಗುವುದೇ ಸಂಪತ್ತಿನ ಮೂಲ ಭೂಮಿ ಎಂಬ ಮಾತಿನಿಂದ. ಕೃಷಿಯೇ ಸಂಪತ್ತಿನ ತಾಯಿಬೇರು ಎಂದ ಫ್ರಾನ್ಸಿನ ಕೆನೆ ಮತ್ತು ಅವರ ಬಳಗಕ್ಕೆ ಅದು ದಾರಿತೋರಿತು. ಮಾರ್ಕ್ಸ್ 'ಕ್ಯಾಪಿಟಲ್'ನ ಮೊದಲ ಸಂಪುಟದಲ್ಲಿ ತುಂಡುಗೂಲಿಯ ಬಗ್ಗೆ ಬರೆಯುವಾಗ ಕ್ಯಾಂಟಿಲನ್‌ನನ್ನು ನೆನೆದು, ಕೆನೆ, ಸ್ಮಿತ್ ಇಬ್ಬರೂ ಇವನಿಂದ ಧಾರಾಳವಾಗಿ ಪಡೆದಿದ್ದಾರೆ ಎಂದು ತೋರಿಸುತ್ತಾರೆ. ಒಬ್ಬನೇ ಬ್ಯಾಂಕರನ ಪುಸ್ತಕದಲ್ಲಿ ಎಡದವರಿಗೂ ಬಲದವರಿಗೂ ಪಾಲಿದೆ. ಪೀಠಿಕೆ ಒಂದನ್ನೇ ಓದಿದವನಿಗೆ ಹಾಯೆಕ್ ಆರಿಸಿಟ್ಟ ಪಾಲು ಮಾತ್ರ ಕಾಣುತ್ತದೆ.

ಹಾಗಾಗಿ ಆ ಅಧ್ಯಾಪಕಿಗೆ ನಾನು ಕೊಟ್ಟ ಸಲಹೆಯ ಪೂರ್ಣಪಾಠ ಇದು. ಇಡೀ ಸಂಪುಟದ ಗೊಡವೆಗೆ ಹೋಗಬೇಡಿ. ಹಾಯೆಕ್ ಬರೆದ ಕ್ಯಾಂಟಿಲನ್ ಪೀಠಿಕೆಯನ್ನು ತೆಗೆದುಕೊಳ್ಳಿ, ಅದರ ಪಕ್ಕದಲ್ಲಿ ಕ್ಯಾಂಟಿಲನ್ ಹಣದ ಬಗ್ಗೆ ಬರೆದ ನಾಲ್ಕಾರು ಅಧ್ಯಾಯಗಳನ್ನು ಇಡಿ, ಜೊತೆಗೆ ಭೂಮಿಯ ಬಗ್ಗೆ ಬರೆದ ಮೊದಲ ಅಧ್ಯಾಯಗಳಲ್ಲಿ ಒಂದೆರಡನ್ನೂ ಸೇರಿಸಿ. ಕಾಲೇಜು ಹುಡುಗರ ಕೈಗೆ ಬರುವ ಬೆಲೆಯ ಸಣ್ಣ ಪುಸ್ತಕವಾಗಲಿ. ಅನುಮತಿ ತಡವಾದರೆ ಕಾಯುತ್ತಾ ಕೂರಬೇಡಿ, ಕ್ಯಾಂಟಿಲನ್ ಅಧ್ಯಾಯಗಳನ್ನು ಮೊದಲು ಮುಗಿಸಿ. ಮುಖಪುಟದ ಮೇಲೆ ನಿಮ್ಮ ಹೆಸರನ್ನು ಲೇಖಕರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಿಸಿಕೊಳ್ಳಿ, ಹೆಲ್ಲಾ ಅವರಿಗಾದದ್ದು ನಿಮಗಾಗುವುದು ಬೇಡ. ಹಾಯೆಕ್ ಹೇಳಿದ್ದನ್ನು ನಿಮ್ಮ ವಿದ್ಯಾರ್ಥಿಗಳು ಒಪ್ಪಬೇಕೆಂದೇನಿಲ್ಲ. ಒಪ್ಪದೆ ವಾದಿಸುವವರಿಗೆ ವಾದಿಸಲು ಬೇಕಾದ ಪುಟಗಳು ಅದೇ ಪುಸ್ತಕದಲ್ಲಿ, ಕನ್ನಡದಲ್ಲಿ ಸಿಗಬೇಕು. ಆ ಕೆಲಸ ನಿಮ್ಮದು.